ಗಂಟೆಗೆ ಬಾಗಿದ ಮಗು

"ಇವತ್ತೂ ಪೂಜೆ ಅರ್ಧಕ್ಕೇ ನಿಂತಿತು, ಅಜ್ಜಾರೇ," ಎಂದಳು ಶಿವಲೀಲಾ. "ಅಂಗೈಯಲ್ಲಿ ಲಿಂಗ ಹಿಡಿದು ಕುಳಿತರೆ ಸಾಕು, ಇವನು ನಿದ್ದೆಯಿಂದ ಎದ್ದು ಬೆಚ್ಚಲು ಶುರು. ಒಂದು ಸಲವಲ್ಲ, ಸಾಲಾಗಿ. ಅತ್ತೆ ದೃಷ್ಟಿ ತೆಗೆದಾಯಿತು, ತಾಯಿತ ಕಟ್ಟಿಸಿದ್ದೂ ಆಯಿತು. ಮನೆಯಲ್ಲಿ ಎಲ್ಲರಿಗೂ ಕೈಗಳಿವೆ, ಅಳುವ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ಮಾತ್ರ ನನಗೊಬ್ಬಳಿಗೇ. ನನ್ನ ಪೂಜೆ ಪೂರ್ತಿಯಾಗುವುದು ಯಾವಾಗ?"

ಅವಳ ಪಕ್ಕದಲ್ಲಿ ಕೌದಿಯ ಮೇಲೆ ಆರು ತಿಂಗಳ ಮಗು ಮಲಗಿತ್ತು. ಮಠದ ಅಜ್ಜಾರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಪೂಜೆಯ ಮಾತು ಎತ್ತಲಿಲ್ಲ. "ಒಂದು ಕತೆ ಕೇಳು, ತಾಯಿ," ಎಂದರು.

ಒಂದು ಊರಿನಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ದಿನವೂ ಬೆಳಿಗ್ಗೆ ಗುಡಿಯ ಕಟ್ಟೆಗೆ ಬಂದು, ಐದು ತಿಂಗಳ ಮಗನನ್ನು ಪಕ್ಕದಲ್ಲಿ ಮಲಗಿಸಿ, ದೇವರಿಗೆ ಮಾಲೆ ಕಟ್ಟುತ್ತಿದ್ದಳು. ಮಂಗಳಾರತಿಯ ಗಂಟೆಗೆ ಮಗು ಎಚ್ಚರಗೊಳ್ಳುತ್ತಿತ್ತು. ಒಂದು ದಿನ ಹಾಗೆ ಎಚ್ಚರಗೊಂಡ ಮಗು ತಲೆ ಬಗ್ಗಿಸಿತು, ಎರಡೂ ಕೈ ಮುಂದಕ್ಕೆ ಚಾಚಿತು, ಸಡಿಲವಾಯಿತು. ಕ್ಷಣ ಬಿಟ್ಟು ಮತ್ತೆ ಹಾಗೆಯೇ. ಹತ್ತು ಹನ್ನೆರಡು ಸಲ.

ಪೂಜಾರಿ ಕಂಡ. "ಮಗು ದೇವರಿಗೆ ನಮಸ್ಕರಿಸುತ್ತಿದೆ," ಎಂದ. ಅಷ್ಟು ಸಾಕಾಯಿತು. ಮರುದಿನ ನೆರೆಯವರು ಬಂದರು, ಅದರ ಮರುದಿನ ಊರೇ ಬಂತು. ಗಂಟೆ ಬಾರಿಸುವ ಮೊದಲೇ ಮಗುವನ್ನು ದೇವರ ಎದುರು ತಂದು ಮಲಗಿಸತೊಡಗಿದರು. ಅದು ಬಾಗಿದಾಗಲೆಲ್ಲ ಜನ ಅದಕ್ಕೆ ಕೈ ಮುಗಿದರು. ತಾಯಿ ಕಟ್ಟಿದ ಮಾಲೆಯನ್ನು ಅದರ ಕೊರಳಿಗೇ ಹಾಕಿದರು.

ಹೂವಾಡಗಿತ್ತಿಗೂ ಹೆಮ್ಮೆ. ಆದರೆ ಒಂದು ಸಂಗತಿ ಅವಳನ್ನು ಚುಚ್ಚುತ್ತಿತ್ತು. ಹೂವಿನ ದಂಡೆ ಮುಖದ ಮುಂದೆ ಆಡಿಸಿದರೆ ಕಿಲಕಿಲ ನಗುತ್ತಿದ್ದ ಮಗು ಈಗ ನಗುತ್ತಿರಲಿಲ್ಲ. ಅದರ ಕಣ್ಣು ಅವಳ ಮುಖದಿಂದ ಜಾರಿ ಎತ್ತಲೋ ಹೋಗುತ್ತಿತ್ತು. ಅದನ್ನು ಹೇಳಿದಾಗ ಅವಳ ಅತ್ತೆ, "ಅದು ದೇವರನ್ನು ಕಂಡ ಕಣ್ಣು. ನಿನ್ನ ಮೋರೆಯಲ್ಲಿ ಏನಿದೆ ಅಂತ ನೋಡಬೇಕು?" ಎಂದಳು. ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ದಿನ ಗುಡಿಯ ಓಣಿಯಲ್ಲಿ ಸಾವಾಯಿತು. ಹೆಣ ಏಳುವವರೆಗೆ ಗುಡಿಯ ಬಾಗಿಲು ತೆರೆಯುವಂತಿರಲಿಲ್ಲ. ಗಂಟೆಯಿಲ್ಲ, ಆರತಿಯಿಲ್ಲ. ಮಗು ಮನೆಯ ಮೂಲೆಯಲ್ಲಿ ಮಲಗಿತ್ತು. ಮಧ್ಯಾಹ್ನ ತಾನಾಗಿಯೇ ಎಚ್ಚರಗೊಂಡಿತು. ಎದುರಿಗೆ ಪೊರಕೆ ಇತ್ತು. ಮಗು ಪೊರಕೆಗೆ ಬಾಗಿತು. ಮತ್ತೆ ಬಾಗಿತು. ಹದಿನಾಲ್ಕು ಸಲ ಬಾಗಿ, ಕಿಟಾರನೆ ಅತ್ತಿತು.

ಹೂವಾಡಗಿತ್ತಿ ಚಪ್ಪಲಿಯನ್ನೂ ಮೆಟ್ಟದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಎಂದಿನಿಂದ ಹೀಗೆ ಎಂದು ಕೇಳಿ, ಪರೀಕ್ಷಿಸಿ, "ಇದು ಫಿಟ್ಸ್," ಎಂದರು.

"ಬಾಯಲ್ಲಿ ನೊರೆ ಬರಲಿಲ್ಲ, ಕೈಕಾಲು ಒದ್ದಾಡಲಿಲ್ಲ, ಅಮ್ಮಾ."

"ಹಸುಗೂಸುಗಳಿಗೆ ಹೀಗೂ ಬರುತ್ತದೆ. ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ಸಾಲುಸಾಲಾಗಿ. ತಡವಾದಷ್ಟೂ ಮೆದುಳಿಗೆ ಪೆಟ್ಟು. ಮೊದಲ ದಿನವೇ ತರಬೇಕಿತ್ತು. ಒಂದು ತಿಂಗಳು ಏನು ಮಾಡುತ್ತಿದ್ದೆ?"

"ಕೈ ಮುಗಿಯುತ್ತಿದ್ದೆ," ಎಂದಳು ಹೂವಾಡಗಿತ್ತಿ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಶಿವಲೀಲಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಆ ಮಗು ಉಳಿಯಿತೇ, ಅಜ್ಜಾರೇ?"

"ಉಳಿಯಿತು. ಔಷಧಿ ಕೊಟ್ಟ ಮೇಲೆ ಬಾಗುವುದು ನಿಂತಿತು. ತಾಯಿಯ ಗುರುತು ಹತ್ತಲು ಎರಡು ವರ್ಷ ಹಿಡಿಯಿತು."

ಅವಳು ಕೌದಿಯ ಕಡೆ ತಿರುಗಿದಳು. ಮಗು ಕಣ್ಣು ಬಿಟ್ಟಿತ್ತು. ಆಗ ಅಜ್ಜಾರು ಒಂದೇ ಮಾತು ಕೇಳಿದರು.

"ಇವನು ನಿನ್ನನ್ನು ನೋಡಿ ನಕ್ಕು ಎಷ್ಟು ದಿನವಾಯಿತು, ತಾಯಿ?"