ಬದುವಿನ ಏಡಿ ಕೇಳಿದ ಗ್ಯಾರಂಟಿ

ಪಕ್ಕದ ಗದ್ದೆಯಲ್ಲಿ ಮಗಳು ನೂರೆಂಟು ಮೊಟ್ಟೆಯಿಟ್ಟು ಸುಸ್ತಾಗಿ ಮಲಗಿದ್ದಾಳೆಂದು ಕೇಳಿ, ಸಿಂಬಕ್ಕನೆಂಬ ಬಸವನಹುಳು ಬಾಣಂತನ ಮಾಡಲು ಹೊರಟಳು. ಅವಳು ತೆವಳಿದ ರಭಸಕ್ಕೆ ಬೀಸುತ್ತಿದ್ದ ಗಾಳಿಯೇ ಹಿಂದೆ ಬಿತ್ತು. ಆದರೇನು, ಪಕ್ಕದ ಗದ್ದೆ ಪರದೇಶ. ನಡುವಿನ ಬದುವಿನ ಬಿಲದಲ್ಲಿ ವೀಸಾ ಕೊಡುವ ಏಡಿ ಸಾಹೇಬ ಕೂತಿದ್ದ.

ಅವನು ಫೋಟೊ ನೋಡಿದ, ಮಗಳ ಕಾಗದ ನೋಡಿದ. "ಎಲ್ಲ ಸರಿ. ನೀನು ವಾಪಸ್ ಬರುತ್ತೀ ಅನ್ನೋದಕ್ಕೆ ಏನಮ್ಮ ಗ್ಯಾರಂಟಿ? ಸ್ವಂತ ಮನೆ ಇದೆಯೋ?"

"ಇದೆಯಲ್ಲ ಬುದ್ಧಿ, ಬೆನ್ನ ಮೇಲೇ ಇದೆ."

"ಮನೆಯನ್ನೇ ಹೊತ್ತು ಹೊರಟವಳು ಮತ್ತೆ ಯಾತಕ್ಕೆ ಬರುತ್ತೀ? ಅರ್ಜಿ ವಜಾ!"

"ಹಾಗಾದರೆ ಇಲ್ಲೇ ಬಿಟ್ಟು ಹೋಗಲಾ?"

"ಮನೆಯಿಲ್ಲದವರಿಗೆ ವೀಸಾನೇ ಇಲ್ಲ."

ಅತ್ತರೆ ಅಲ್ಲಿ ಮೊಟ್ಟೆ ಕಾಯುವವರಾರು? ಸಿಂಬಕ್ಕ ಕಣ್ಣೊರೆಸಿಕೊಂಡಳು. "ಇದು ಮನೆ ಹೌದೋ ಅಲ್ಲವೋ, ಮೊದಲು ಒಳಗೆ ಕೈಯಿಟ್ಟು ನೋಡಿ ಬುದ್ಧಿ."

ಏಡಿ ತಪಾಸಣೆಗೆಂದು ತನ್ನ ದಪ್ಪ ಕೈ ತೂರಿಸಿದ್ದೇ ತಡ, ಸಿಂಬಕ್ಕ ಒಳಗೆ ಸರಿದು ಬಾಗಿಲು ಹಾಕಿಕೊಂಡಳು. ಕೈ ಸಿಕ್ಕಿಕೊಂಡಿತು.

"ಬಿಡಮ್ಮ, ತಾಯಿ!"

"ನನ್ನ ಮನೆಯೊಳಗೆ ಬಂದಿದ್ದೀರಿ. ವಾಪಸ್ ಹೋಗುತ್ತೀರಿ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದು ಒಳಗಿನಿಂದ ದನಿ ಬಂತು.

ಏಡಿ ಹೌಹಾರಿ ಓಡಿದ. ಏಡಿಯ ಓಟ ಗೊತ್ತಲ್ಲ, ಅಡ್ಡಡ್ಡ. ಸಿಂಬಕ್ಕನನ್ನೂ ಎಳೆದುಕೊಂಡು ಬದು ದಾಟಿ, ಮಗಳ ಮೊಟ್ಟೆಗಳ ಪಕ್ಕದಲ್ಲೇ ಹೋಗಿ ಬಿದ್ದ.

ಆಗ ಸಿಂಬಕ್ಕ ಬಾಗಿಲು ತೆಗೆದಳು. "ನಿಮ್ಮ ಮನೆ ಬದುವಿನಲ್ಲಿದೆ ಬುದ್ಧಿ, ನೀವು ಖಂಡಿತ ವಾಪಸ್ ಹೋಗುತ್ತೀರಿ. ಹೊರಡಿ. ನಾನು ಮನೆಯಲ್ಲೇ ಇದ್ದೇನೆ."