ತಿಪ್ಪಿಯ ಡಬ್ಬಿ ಗಿಲಿಗಿಲಿ ಅನ್ನಲಿಲ್ಲ

ಹೂಂ ಅನ್ನಿ ಮಕ್ಕಳೇ, ಹೇಳ್ತೀನಿ. ಹೂಂ ಅನ್ನದಿದ್ದರೆ ಕತೆ ದಾರಿಯಲ್ಲೇ ಕೂತುಬಿಡುತ್ತೆ. ಹೂಂ?

ಬೆಟ್ಟದ ಮೇಲೊಂದು ಪೋಡು. ಪೋಡು ಅಂದರೆ ಸೋಲಿಗರ ಊರು. ಅಲ್ಲೊಬ್ಬಳು ಅಜ್ಜಿ. ಅಜ್ಜಿಗೊಬ್ಬಳು ಮೊಮ್ಮಗಳು, ತಿಪ್ಪಿ. ತಿಪ್ಪಿಗೊಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಹಳದಿ ಗುಳಿಗೆ. ಅಲ್ಲಾಡಿಸಿದರೆ ಗಿಲಿಗಿಲಿ.

ಗುಳಿಗೆ ಯಾಕೆ? ನಿಮ್ಮ ರಕ್ತದಲ್ಲಿ ದುಂಡನೆಯ ಕಾಳುಗಳಿವೆ. ಉರುಳುರುಳಿ ಓಡುತ್ತವೆ. ತಿಪ್ಪಿಯ ರಕ್ತದ ಕಾಳುಗಳು ಕುಡುಗೋಲಿನ ಹಾಗೆ ಬಾಗುತ್ತವೆ. ಬಾಗಿದವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆಗ ಮೊಣಕಾಲು ನೋವು, ಬೆನ್ನು ನೋವು. ಗುಳಿಗೆ ನುಂಗಿದರೆ ನೋವು ಕಡಿಮೆ.

ತಿಪ್ಪಿಗೆ ಮೊದಲು ಬೇರೆ ಹೆಸರಿತ್ತು. ಹೋದ ವರ್ಷ ದೊಡ್ಡ ನೋವು ಬಂತು. ಆಗ ಅಜ್ಜಿ ಹಳೇ ಹೆಸರನ್ನು ಕಲ್ಲಿನ ಕೆಳಗೆ ಮುಚ್ಚಿಟ್ಟಳು. ತಿಪ್ಪಿ ಅಂತ ಕರೆದಳು. ತಿಪ್ಪೆ ಅಂದರೆ ನೋವು ಮೂಗು ಮುಚ್ಚಿಕೊಂಡು ಹೋಗಲಿ ಅಂತ. ಹಳೇ ಹೆಸರು ಹೇಳಬಾರದು. ಹೇಳಿದರೆ ನೋವು ಕೇಳಿಸಿಕೊಳ್ಳುತ್ತೆ. ತಿಪ್ಪಿ ಹೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಡಬ್ಬಿ ಅಲ್ಲಾಡಿಸಿದಳು. ಗಿಲಿಗಿಲಿ ಅನ್ನಲಿಲ್ಲ. ಗುಳಿಗೆ ಮುಗಿದಿತ್ತು.

ಮೇಲೆ ನೆಲ್ಲಿಮರ. ಮಕ್ಕಳೆಲ್ಲ ಅಲ್ಲಿಗೆ ಹೋಗಿದ್ದರು. ಅವರ ಕೇಕೆ ಕೆಳಗೆ ಕೇಳುತ್ತಿತ್ತು. ತಿಪ್ಪಿಗೆ ಹೋಗುವ ಆಸೆ. ಬಾಯಲ್ಲಿ ನೀರು. ಮೊಣಕಾಲಲ್ಲಿ ನೋವು.

ಅಜ್ಜಿ ಅವಳನ್ನು ಬೆನ್ನ ಮೇಲೆ ಹೊತ್ತಳು. ಪೋಡಿಗೆ ಹೊಸದಾಗಿ ಬಂದ ಆಶಕ್ಕನ ಹತ್ತಿರ ಹೋದರು. ಮನೆಮನೆಗೆ ಔಷಧಿ ಕೊಡುವವಳು ಅವಳೇ.

“ಆಶಕ್ಕ, ಆಶಕ್ಕ, ಗುಳಿಗೆ ಕೊಡು. ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

“ಕೊಡ್ತೀನಿ ಕೂಸೇ. ನರ್ಸಮ್ಮನ ಚೀಟಿ ತಾ.”

ಅಜ್ಜಿ ಹೊತ್ತಳು. ಇಳಿಜಾರು ಇಳಿದಳು. ನರ್ಸಮ್ಮ ಮಕ್ಕಳನ್ನು ತೂಗುತ್ತಿದ್ದಳು.

“ನರ್ಸಮ್ಮ, ನರ್ಸಮ್ಮ, ಚೀಟಿ ಕೊಡು. ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

“ಕೊಡ್ತೀನಿ ಕಣವ್ವ. ಅದರ ಮೇಲೆ ಡಾಕ್ಟರಮ್ಮನ ಸಹಿ ಬೇಕಲ್ಲ.”

ಮಾರನೇ ದಿನ ದೊಡ್ಡಾಸ್ಪತ್ರೆಗೆ ಬಸ್ಸು. ಕಿಟಕಿಯಲ್ಲಿ ನೆಲ್ಲಿಮರ ಹಿಂದೆ ಹಿಂದೆ ಹೋಯಿತು. ತಿಪ್ಪಿ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

“ಡಾಕ್ಟರಮ್ಮ, ಡಾಕ್ಟರಮ್ಮ, ಸಹಿ ಹಾಕಿ. ನರ್ಸಮ್ಮ ಚೀಟಿ ಕೊಡಲ್ಲ, ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

ಡಾಕ್ಟರಮ್ಮ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. “ಹಾಕ್ತೀನಿ ಪುಟ್ಟಿ. ರಕ್ತ ಹೇಗಿದೆ ಅಂತ ಗೊತ್ತಾಗಬೇಕು. ಲ್ಯಾಬಿನಿಂದ ಕಾಗದ ತಾ.”

ಅಜ್ಜಿ ಹೊತ್ತಳು. ಉದ್ದದ ಓಣಿ ದಾಟಿದಳು. ಲ್ಯಾಬಣ್ಣನ ಕೈ ತಣ್ಣಗಿತ್ತು.

“ಲ್ಯಾಬಣ್ಣ, ಲ್ಯಾಬಣ್ಣ, ಕಾಗದ ಕೊಡು. ಡಾಕ್ಟರಮ್ಮ ಸಹಿ ಹಾಕಲ್ಲ, ನರ್ಸಮ್ಮ ಚೀಟಿ ಕೊಡಲ್ಲ, ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

“ಕೊಡ್ತೀನಿ ಮಗ. ಯಾರ ರಕ್ತ ಅಂತ ಬರೆಯಲಿ? ನಿನ್ನ ಕಾರ್ಡ್ ತಾ.”

ಮತ್ತೊಂದು ದಿನ, ಮತ್ತೊಂದು ಬಸ್ಸು. ಪೋಡಿನಲ್ಲಿ ನೆಲ್ಲಿಕಾಯಿ ಉದುರಲು ಶುರುವಾಗಿತ್ತು. ಕಾರ್ಡ್ ಬರೆದುಕೊಡುವ ಕಾರ್ಡಯ್ಯನ ಮೇಜಿನ ಮೇಲೆ ದಪ್ಪ ಪುಸ್ತಕ. ಅದರ ತುಂಬ ಪೋಡಿನವರ ಹೆಸರು.

“ಕಾರ್ಡಯ್ಯ, ಕಾರ್ಡಯ್ಯ, ಕಾರ್ಡ್ ಕೊಡು. ಲ್ಯಾಬಣ್ಣ ಕಾಗದ ಕೊಡಲ್ಲ, ಡಾಕ್ಟರಮ್ಮ ಸಹಿ ಹಾಕಲ್ಲ, ನರ್ಸಮ್ಮ ಚೀಟಿ ಕೊಡಲ್ಲ, ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

ಕಾರ್ಡಯ್ಯ ಹಾಳೆ ತಿರುವಿದ. ಮೇಲಿಂದ ಕೆಳಗೆ ನೋಡಿದ. ಕೆಳಗಿಂದ ಮೇಲೆ ನೋಡಿದ. “ತಿಪ್ಪಿ ಅನ್ನೋ ಕೂಸೇ ಈ ಪುಸ್ತಕದಲ್ಲಿ ಇಲ್ಲ. ನೀನು ಯಾರು ಅಂತ ಪೋಡಿನ ಯಜಮಾನ ಬಂದು ಒಂದು ಮಾತು ಹೇಳಲಿ. ಆಮೇಲೆ ಕೊಡ್ತೀನಿ.”

ಅಜ್ಜಿ ಪುಸ್ತಕದಿಂದ ಮುಖ ತಿರುಗಿಸಿದಳು. ತಿಪ್ಪಿಯನ್ನು ಹೊತ್ತು ಬೆಟ್ಟ ಹತ್ತಿದಳು.

ಯಜಮಾನಜ್ಜ ಬಿದಿರು ಸೀಳುತ್ತಾ ಕೂತಿದ್ದ.

“ಯಜಮಾನಜ್ಜ, ಯಜಮಾನಜ್ಜ, ಮಾತು ಹೇಳು. ಕಾರ್ಡಯ್ಯ ಕಾರ್ಡ್ ಕೊಡಲ್ಲ, ಲ್ಯಾಬಣ್ಣ ಕಾಗದ ಕೊಡಲ್ಲ, ಡಾಕ್ಟರಮ್ಮ ಸಹಿ ಹಾಕಲ್ಲ, ನರ್ಸಮ್ಮ ಚೀಟಿ ಕೊಡಲ್ಲ, ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

ಯಜಮಾನಜ್ಜ ಮಚ್ಚು ಕೆಳಗಿಟ್ಟ. “ಹೇಳ್ತೀನಿ ಕೂಸೇ. ಪುಸ್ತಕದಲ್ಲಿರೋದು ನಿನ್ನ ಹಳೇ ಹೆಸರು. ಮುಚ್ಚಿದ ಹೆಸರನ್ನು ಮುಚ್ಚಿದವರೇ ತೆಗೀಬೇಕು. ಅದು ನಮ್ಮ ಕಟ್ಟಳೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದರಂತೆ. ಇಲ್ಲಿ ಬೆನ್ನ ಮೇಲಿರೋ ಕೂಸೇ ಊರೆಲ್ಲಾ ಹುಡುಕಿದೆ.”

ತಿಪ್ಪಿ ಬೆನ್ನಿಂದ ಇಳಿದಳು. ಕಾಲು ನೋಯಿತು. ಆದರೂ ಅಜ್ಜಿಯ ಮುಂದೆ ಬಂದು ನಿಂತಳು.

“ಅಜ್ಜಿ, ಅಜ್ಜಿ, ಹೆಸರು ತೆಗಿ. ಯಜಮಾನಜ್ಜ ಮಾತು ಹೇಳಲ್ಲ, ಕಾರ್ಡಯ್ಯ ಕಾರ್ಡ್ ಕೊಡಲ್ಲ, ಲ್ಯಾಬಣ್ಣ ಕಾಗದ ಕೊಡಲ್ಲ, ಡಾಕ್ಟರಮ್ಮ ಸಹಿ ಹಾಕಲ್ಲ, ನರ್ಸಮ್ಮ ಚೀಟಿ ಕೊಡಲ್ಲ, ಆಶಕ್ಕ ಗುಳಿಗೆ ಕೊಡಲ್ಲ, ನನ್ನ ಡಬ್ಬಿ ಗಿಲಿಗಿಲಿ ಅನ್ನಲ್ಲ, ನಾನು ನೆಲ್ಲಿಮರಕ್ಕೆ ಹೋಗಲ್ಲ.”

ಅಜ್ಜಿ ಅತ್ತುಬಿಟ್ಟಳು. “ಹೆಸರು ಬರೆಯೋಕೆ ಪುಸ್ತಕ ಹಿಡ್ಕೊಂಡು ಬಂದವರಿಗೆ ನಾನೇ ಹೇಳಿದೆ ಮಗ, ಆ ಹೆಸರಿನ ಕೂಸು ಪೋಡು ಬಿಟ್ಟು ಹೋಯ್ತು ಅಂತ. ಈಗ ಹೆಂಗೆ ತೆಗೀಲಿ? ನೋವು ಕೇಳಿಸ್ಕೊಂಡು ನಿನ್ನ ಹುಡುಕ್ಕೊಂಡು ಬಂದರೆ?”

“ಅಜ್ಜಿ, ನೋವಿಗೆ ನಾನು ಎಲ್ಲಿದ್ದೀನಿ ಅಂತ ಗೊತ್ತು. ದಿನಾ ಬರುತ್ತೆ. ಗುಳಿಗೆಗೆ ಮಾತ್ರ ಗೊತ್ತಿಲ್ಲ.”

ಅಜ್ಜಿ ಕಣ್ಣೊರೆಸಿಕೊಂಡಳು. ತಿಪ್ಪಿಯ ಮೊಣಕಾಲು ಸವರಿದಳು. ಆಮೇಲೆ ಕಲ್ಲಿನ ಹತ್ತಿರ ಹೋದಳು. ಕಲ್ಲು ಎತ್ತಿದಳು. ಮೆಲ್ಲಗೆ ಹೇಳಿದಳು.

“ಕೇತಿ.”

ಅಷ್ಟೇ ನೋಡಿ. ಗಂಟು ಬಿಚ್ಚಿತು. ಯಜಮಾನಜ್ಜ ಎದ್ದ, ಅವರ ಜೊತೆ ಹೊರಟ. ಅವನ ಮಾತು ಕೇಳಿ ಕಾರ್ಡಯ್ಯ ಎದ್ದ, ಜೊತೆಗೆ ಹೊರಟ. ಕಾರ್ಡ್ ನೋಡಿ ಲ್ಯಾಬಣ್ಣ ಹೊರಟ. ಕಾಗದ ನೋಡಿ ಡಾಕ್ಟರಮ್ಮ ಹೊರಟರು. ನರ್ಸಮ್ಮನೂ ಹೊರಟಳು. ಬೇರೆ ಬೇರೆ ಕುರ್ಚಿಯಲ್ಲಿ ಕೂತವರು ಮೊದಲ ಸಲ ಒಂದೇ ದಾರಿಯಲ್ಲಿ ನಡೆದರು. ಬೆಟ್ಟ ಹತ್ತಿ ಎಲ್ಲರಿಗೂ ಏದುಸಿರು.

“ಇಷ್ಟು ದೂರ ಈ ಅಜ್ಜಿ ಕೂಸು ಹೊತ್ಕೊಂಡು ಬಂದಳಾ?” ಅಂದ ಕಾರ್ಡಯ್ಯ.

ಡಾಕ್ಟರಮ್ಮ ಹೇಳಿದರು. “ಇನ್ಮೇಲೆ ಚೀಟಿ, ಕಾಗದ ಎಲ್ಲಾ ನಾವು ನಾವೇ ಕೇಳ್ಕೊಳ್ಳೋಣ. ಗುಳಿಗೆ ನಡೀಲಿ. ಕೂಸು ನಡೆಯೋದು ಬೇಡ.”

ಅಜ್ಜಿ ಹೆಸರು ತೆಗೆದಳು, ಯಜಮಾನಜ್ಜ ಮಾತು ಹೇಳಿದ, ಕಾರ್ಡಯ್ಯ ಕಾರ್ಡ್ ಕೊಟ್ಟ, ಲ್ಯಾಬಣ್ಣ ಕಾಗದ ಕೊಟ್ಟ, ಡಾಕ್ಟರಮ್ಮ ಸಹಿ ಹಾಕಿದರು, ನರ್ಸಮ್ಮ ಚೀಟಿ ಕೊಟ್ಟಳು, ಆಶಕ್ಕ ಗುಳಿಗೆ ಕೊಟ್ಟಳು. ಡಬ್ಬಿ ಏನಂತು?

ಗಿಲಿಗಿಲಿ.

ದಿನ ಕಳೆಯಿತು. ದಿನಕ್ಕೊಂದು ಗುಳಿಗೆ. ನೋವು ಪೂರ್ತಿ ಹೋಗಲಿಲ್ಲ ಮಕ್ಕಳೇ, ಸುಳ್ಳು ಹೇಳಲ್ಲ. ಆದರೆ ದಿನಾ ಬರುವುದು ಬಿಟ್ಟಿತು. ಒಂದು ಬೆಳಿಗ್ಗೆ ತಿಪ್ಪಿ ಮೆಲ್ಲಗೆ ನಡೆದಳು. ನಿಂತಳು. ಮತ್ತೆ ನಡೆದಳು. ನೆಲ್ಲಿಮರ ಬಂತು. ಕಾಯಿ ಎಲ್ಲಾ ಮುಗಿದಿತ್ತು. ಒಂದೇ ಒಂದು ಉಳಿದಿತ್ತು. ಮಕ್ಕಳು ಅವಳಿಗೆಂದೇ ಬಿಟ್ಟಿದ್ದರು.

ಕಚ್ಚಿದಳು. ಹುಳಿ. ನೀರು ಕುಡಿದಳು. ಸಿಹಿ.

ಮರದ ಮೇಲಿಂದ ಮಕ್ಕಳು ಕೂಗಿದರು, “ತಿಪ್ಪೀ.”

“ಓ” ಅಂದಳು.

ಕೆಳಗೆ ಪೋಡಿನಿಂದ ಅಜ್ಜಿ ಕೂಗಿದಳು. ಬೆಟ್ಟಕ್ಕೆಲ್ಲಾ ಕೇಳುವ ಹಾಗೆ ಕೂಗಿದಳು, “ಕೇತೀ.”

ತಿಪ್ಪಿ ಒಂದು ಗಳಿಗೆ ಕಿವಿಗೊಟ್ಟಳು. ನೋವು ಬರಲಿಲ್ಲ. ಜೇಬಿನಲ್ಲಿ ಡಬ್ಬಿ ಇತ್ತು.

“ಓ ಅಜ್ಜೀ” ಅಂದಳು.

ನೀವು ಹೂಂ ಅಂದಿರಿ, ಕತೆ ಬೆಟ್ಟ ಹತ್ತಿತು.