ಅಜ್ಜಾರು ಊದಿದ ಶಂಖ

ಹೊಳೆದಂಡೆಯ ಆಶ್ರಮದಲ್ಲಿ ಮುಂಜಾನೆಯ ಶಂಖ ಊದುವುದು ಶಿಷ್ಯೆ ಕಾಶವ್ವನ ಸೇವೆ. ಬೇರೆ ಯಾರಾದರೂ ಶಂಖ ಮುಟ್ಟಿದರೆ ಅವಳು ಆ ದಿನವೆಲ್ಲ ಮುಖ ಊದಿಸಿಕೊಂಡಿರುತ್ತಿದ್ದಳು.

ಚಿಕ್ಕಂದಿನಿಂದ ಅವಳ ಕಿವಿ ಸೋರುತ್ತಿತ್ತು. ಎರಡೂ ಕಿವಿ ಮಂದವಾಗುತ್ತ ಬಂದವು. ಕೊನೆಗೆ ತನ್ನ ಶಂಖವೇ ತನಗೆ ಸರಿಯಾಗಿ ಕೇಳಿಸದಾಯಿತು.

ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಆಶ್ರಮದ ಗುರುಗಳು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಮೊದಲು ಬಲಗಿವಿಯನ್ನು ಸರಿಮಾಡಿದರು. ತೂತಾದ ಕಿವಿತಮಟೆಗೆ ಕಿವಿಯ ಹಿಂದಿನ ತೆಳುಪೊರೆಯನ್ನೇ ತೆಗೆದು ಹೊದಿಸಿದರು. ಒಳಗೆ ಸವೆದುಹೋಗಿದ್ದ ಪುಟ್ಟ ಎಲುಬಿನ ಜಾಗದಲ್ಲಿ ಅವಳ ಕಿವಿಯದೇ ಮೆದು ಎಲುಬಿನ ಚೂರೊಂದನ್ನು ಕೂರಿಸಿದರು.

"ನಾ ಹೇಳೂತನಕ ಶಂಖ ಮುಟ್ಟಬ್ಯಾಡ" ಎಂದು ಅವಳ ಎಡಗಿವಿಯ ಬಳಿ ಕೂಗಿ ಹೇಳಿದರು. "ಊದೂ ಗಾಳಿ ಒಳಗಿಂದ ಕಿವಿಗೆ ಹೋಗತೈತಿ. ಕೂರಿಸಿದ್ದು ಕಿತ್ತು ಬಂತಂದ್ರ ಮುಂದ ಕೇಳಸೂದಿಲ್ಲ."

"ಹಂಗಾದ್ರ ಶಂಖ ಯಾರು ಊದಬೇಕು?" ಎಂದಳು ಕಾಶವ್ವ.

"ನಾನು" ಎಂದರು ಗುರುಗಳು.

ಗುರುಗಳಿಗೆ ಹಲ್ಲಿರಲಿಲ್ಲ. ಅವರು ಊದಿದರೆ ಶಂಖದೊಳಕ್ಕೆ ಗಾಳಿಗಿಂತ ಉಗುಳೇ ಹೆಚ್ಚು ಹೋಗುತ್ತಿತ್ತು.

ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅವರಲ್ಲೊಬ್ಬಳು ಕೂಗಿಯೇಬಿಟ್ಟಳು:

"ಅಜ್ಜಾರ, ಆಶ್ರಮದಾಗ ಎಮ್ಮಿ ಈಯಾಕ ಹತ್ತೇತೇನ್ರೀ?"

"ಹೌದವಾ. ಗಿಣ್ಣ ತಿಂದ ಹೋಗು" ಎಂದರು ಗುರುಗಳು.

ಕಾಶವ್ವನ ಕಿವಿಯಲ್ಲಿ ಹತ್ತಿ. ಮಾತು ಕೇಳಿಸಲಿಲ್ಲ. ನಗು ಮಾತ್ರ ಕಾಣಿಸಿತು.

ಮರುದಿನ ಅವಳು ಗುರುಗಳಿಗಿಂತ ಮೊದಲೇ ಎದ್ದಳು. ಶಂಖ ಎತ್ತಿಕೊಂಡು ಎದೆ ತುಂಬ ಉಸಿರೆಳೆದಳು.

ಅವಳ ತುಟಿಗೂ ಶಂಖಕ್ಕೂ ನಡುವೆ ಒಂದು ಅಂಗೈ ಬಂತು. ಗುರುಗಳದು.

"ಬಿಡ್ರೀ ಅಜ್ಜಾರ! ಮಂದಿ ನಿಮ್ಮನ್ನ ನೋಡಿ ನಗತಾರ."

ಗುರುಗಳು ಅವಳ ಎಡಗಿವಿಗೆ ಬಾಗಿ ಕೂಗಿದರು. "ಅವರು ನಗೂದು ನಿನಗ ಕೇಳಸ್ತೇನು?"

"ಇಲ್ಲ. ಕಾಣಸ್ತೈತಿ."

"ಹಂಗಾದ್ರ ಕಣ್ಣು ಮುಚ್ಚಿಕೊಂಡು ಕೂಡು. ಕಿವಿ ಮಾಯಲಿ."

ಅವಳು ಶಂಖ ಕೊಟ್ಟಳು. ಕೊಡುವಾಗ ಅತ್ತಳು.

ಗಾಯ ಮಾಯಿತು. ಹತ್ತಿ ತೆಗೆದರು. ಮೊದಮೊದಲು ಏನೂ ಇಲ್ಲ. ಆಮೇಲೊಂದು ದಿನ ರೊಟ್ಟಿ ಬಡಿಯುವಾಗ ತನ್ನದೇ ಬಳೆ ಕೇಳಿಸಿತು.

ಅದಾದ ಮೇಲೆ ಒಂದು ಮುಂಜಾನೆ ವಿಚಿತ್ರ ಸದ್ದೊಂದಕ್ಕೆ ಬೆಚ್ಚಿ ಎದ್ದಳು. ಯಾರಿಗೋ ಏನೋ ಆಯಿತೆಂದು ಹೊರಗೆ ಓಡಿದಳು.

ಗುರುಗಳು ಗಲ್ಲ ಉಬ್ಬಿಸಿಕೊಂಡು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು.

"ಅಯ್ಯ, ಇಷ್ಟು ದಿನಾ ಹಿಂಗ ಊದಿದ್ರೇನು ಅಜ್ಜಾರ? ಮಂದಿ ನಕ್ಕಿದ್ದರಾಗ ಏನೂ ತಪ್ಪಿಲ್ಲ ಬಿಡ್ರೀ!"

ನಗುತ್ತ ನಗುತ್ತ ಅವಳ ಕಣ್ಣು ತುಂಬಿದವು.

ಗುರುಗಳು ಶಂಖವನ್ನು ತೊಳೆದು, ಪಂಚೆಯ ಅಂಚಿನಿಂದ ಒರೆಸಿದರು. ಈ ಸಲ ಅವರು ಬಾಗಲಿಲ್ಲ, ಕೂಗಲಿಲ್ಲ. ನಿಂತಲ್ಲಿಂದಲೇ ಮೆಲ್ಲಗೆ ಹೇಳಿದರು:

"ನೀ ಶಂಖ ಕಲಿಯೂವಾಗ ನಿಂದು ಇದಕ್ಕಿಂತ ಕೆಟ್ಟ ಇತ್ತವಾ. ಅದನ್ನ ಕೇಳಾಕಂತನ ನಾ ದಿನಾ ಲಗೂ ಏಳತಿದ್ದೆ."